ಕಚ್ಚಿದರೆ ಐದೇ ನಿಮಿಷದಲ್ಲಿ ಸಾವು ತರುವ ಹುಳು ನಿಜವೇ? ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಹೊಲದ ಪಾತರಗಿತ್ತಿ, ಪತಂಗಗಳ ಒಂದು ಫೋಟೊ ತೆಗೆಯಿರಿ

ಈ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಮೈತುಂಬ ಮುಳ್ಳಿರುವ ಒಂದು ಹುಳುವಿನ ಫೋಟೊ. ಅದರ ಜೊತೆಗೆ ಹೊಲದಲ್ಲಿ ಸತ್ತು ಬಿದ್ದಿರುವ ಇಬ್ಬರ ಫೋಟೊ. ಹತ್ತಿ ಬೆಳೆಗೆ ಹೊಸ ಹುಳು ಬಂದಿದೆ, ಕಚ್ಚಿದರೆ ಐದು ನಿಮಿಷದಲ್ಲಿ ಸಾವು, ಎಲ್ಲ ರೈತ ಬಾಂಧವರಿಗೆ ತಿಳಿಸಿ ಎಂಬ ಬರಹ. 2022ರ ಸೆಪ್ಟೆಂಬರ್‌ನಲ್ಲಿ ಇದು ಮರಾಠಿ, ಹಿಂದಿ, ಕನ್ನಡ ಎಂಬ ಭೇದವಿಲ್ಲದೆ ಗ್ರೂಪಿನಿಂದ ಗ್ರೂಪಿಗೆ ಓಡಾಡಿತು. ಈಗಲೂ ಮಳೆಗಾಲ ಬಂದರೆ ಒಮ್ಮೆ ತಲೆ ಎತ್ತುತ್ತದೆ. ಕೆಲವೊಮ್ಮೆ ಹತ್ತಿಯ ಬದಲು ಕಬ್ಬು ಎಂದಿರುತ್ತದೆ, ಅಷ್ಟೇ.

ನೇರವಾಗಿ ಹೇಳಿಬಿಡುತ್ತೇವೆ: ಸುಳ್ಳು. ಫೋಟೊದಲ್ಲಿದ್ದ ಇಬ್ಬರು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಚಾಳೀಸ್‌ಗಾಂವ್ ತಾಲ್ಲೂಕಿನ ರೈತರು, ಅಪ್ಪ ಮತ್ತು ಮಗ. ಅವರು ಸತ್ತದ್ದು ಸಿಡಿಲು ಬಡಿದು. ಹುಳುವಿನ ಫೋಟೊ ಬೇರೆಯದು. ಅದು ಲಿಮಕೋಡಿಡೇ ಎಂಬ ಪತಂಗ ಕುಟುಂಬದ ಮರಿಹುಳು. ಅದರ ಮುಳ್ಳು ತಾಗಿದರೆ ಉರಿ, ಬಾವು, ತುರಿಕೆ ಆಗುತ್ತದೆ. ಕೀಟ ವಿಜ್ಞಾನಿಗಳು ಆಗಲೇ ಇದನ್ನು ಸ್ಪಷ್ಟಪಡಿಸಿದ್ದರು. ಆದರೆ ಸ್ಪಷ್ಟನೆ ನಡೆದುಕೊಂಡು ಹೋಯಿತು, ಸುಳ್ಳು ಬಸ್ ಹತ್ತಿ ಹೋಗಿತ್ತು.

ಈ ಫಾರ್ವರ್ಡ್ ಬರೀ ಸುಳ್ಳಾಗಿದ್ದರೆ ನಕ್ಕು ಬಿಡಬಹುದಿತ್ತು. ತೊಂದರೆ ಏನೆಂದರೆ, ಇದು ಸಿಡಿಲಿನ ಸಾವನ್ನು ಹುಳುವಿನ ತಲೆಗೆ ಕಟ್ಟಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಮಧ್ಯಾಹ್ನದ ಮೇಲೆ ಗುಡುಗು-ಮಿಂಚು ಸಾಮಾನ್ಯ. ಹೊಲದಲ್ಲಿ ಕಳೆ ತೆಗೆಯುವವರು ಹೆದರಬೇಕಾದದ್ದು ಆ ಮೋಡಕ್ಕೆ. ಗುಡುಗು ಕೇಳಿದ ಕೂಡಲೇ ಒಂಟಿ ಮರದ ಕೆಳಗೆ ನಿಲ್ಲದೆ ಕಟ್ಟಡದೊಳಗೆ ಸೇರಬೇಕು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಮುಟ್ಟಬಹುದು, ಉಸಿರು ನಿಂತಿದ್ದರೆ ಎದೆ ಒತ್ತಬಹುದು, ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಹವಾಮಾನ ಸಂಸ್ಥೆ ಐಐಟಿಎಂ ರೂಪಿಸಿದ 'ದಾಮಿನಿ' ಆ್ಯಪ್ ಎರಡೂ ಉಚಿತ. ಹುಳುವಿನ ಫೋಟೊಕ್ಕೆ ಕೊಡುವ ಜಾಗವನ್ನು ಫೋನಿನಲ್ಲಿ ಇವಕ್ಕೆ ಕೊಡಿ.

ಹಾಗಾದರೆ ಹುಳುವಿನ ಭಯ ಹೋಗುವುದು ಹೇಗೆ? ನಮಗೆ ಗೊತ್ತಿರುವ ಒಳ್ಳೆಯ ದಾರಿ ಒಂದೇ. ಆ ಹುಳು ಯಾವುದು, ನಾಳೆ ಅದು ಏನಾಗಿ ಹಾರುತ್ತದೆ ಎಂದು ನೀವೇ ನೋಡುವುದು. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ. ಫಾರ್ವರ್ಡ್ ಬರುವ ಅದೇ ಫೋನು ಸಾಕು.

ಇಲ್ಲಿ ನೋಡಲು ಏನಿದೆ, ಎಲ್ಲ ಬಯಲು ಅಲ್ಲವೇ?

ಈ ಮಾತನ್ನು ನಾವೂ ಆಡುತ್ತಿದ್ದೆವು. ಚಿಟ್ಟೆ ನೋಡಬೇಕೆಂದರೆ ಕೊಡಗು, ಆಗುಂಬೆ, ಇಲ್ಲವೇ ಬನ್ನೇರುಘಟ್ಟದ ಚಿಟ್ಟೆ ಉದ್ಯಾನ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಪಶ್ಚಿಮ ಘಟ್ಟದ್ದೇ. ಕಪ್ಪು-ಹಳದಿ ಬಣ್ಣದ ಆ ದೊಡ್ಡ ಚಿಟ್ಟೆ ವಿಜಯಪುರ ಜಿಲ್ಲೆಯ ಎರೆಭೂಮಿಗೆ ಬರುವುದಿಲ್ಲ. ಆದರೆ ಅದು ಬರುವುದಿಲ್ಲ ಎಂದರೆ ಯಾವುದೂ ಇಲ್ಲ ಎಂದಲ್ಲ. ಭಾರತದಲ್ಲಿ 1,300ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ, ಪತಂಗಗಳು 10,000ಕ್ಕೂ ಹೆಚ್ಚು. ಇವುಗಳಲ್ಲಿ ಒಣ ಬಯಲನ್ನೇ ಇಷ್ಟಪಡುವವೂ ಇವೆ. ರೆಕ್ಕೆಯ ತುದಿಗೆ ಕುಂಕುಮ ಹಚ್ಚಿದಂತಿರುವ ಕ್ರಿಮ್ಸನ್ ಟಿಪ್, ಬಿಳಿ ರೆಕ್ಕೆಯಲ್ಲಿ ಕಪ್ಪು ನರ ಎದ್ದು ಕಾಣುವ ಪಯೋನಿಯರ್ ಇಂಥವು. ಮಳೆಕಾಡಿನಲ್ಲಿ ಇವನ್ನು ಹುಡುಕುವುದು ವ್ಯರ್ಥ. ಮುಳ್ಳುಗಂಟಿಯ ಬಯಲೇ ಇವುಗಳ ಮನೆ.

ಪಾತರಗಿತ್ತಿಯನ್ನು ಹುಡುಕುವ ಗುಟ್ಟು ಇದು: ಹೂವಿಗಿಂತ ಮೊದಲು ಎಲೆ ನೋಡಿ. ಪಾತರಗಿತ್ತಿ ಹೂವಿನ ರಸವನ್ನು ಎಲ್ಲಾದರೂ ಕುಡಿಯುತ್ತದೆ. ಮೊಟ್ಟೆ ಇಡುವುದು ಮಾತ್ರ ತನ್ನ ಮರಿ ತಿನ್ನುವ ಗಿಡದ ಮೇಲೆ. ನಿಮ್ಮ ಬದುವಿನಲ್ಲಿ ಎಕ್ಕೆ ಗಿಡ ಇದೆಯೇ? ಪ್ಲೇನ್ ಟೈಗರ್ ಅಲ್ಲೇ ಸುತ್ತುತ್ತಿರುತ್ತದೆ. ಬಾರಿಹಣ್ಣಿನ ಕಂಟಿ ಇದೆಯೇ? ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಕಾಮನ್ ಪಿಯರೋ ಬರುತ್ತದೆ. ಜಾಲಿಗಿಡ ಹೂಬಿಟ್ಟಾಗ ಬೆರಳ ಉಗುರಿನಷ್ಟಿರುವ ಬಬೂಲ್ ಬ್ಲೂ. ಔಡಲ ಗಿಡದಲ್ಲಿ ಕಂದು ಬಣ್ಣದ ಕಾಮನ್ ಕ್ಯಾಸ್ಟರ್. ಕರಿಬೇವಿನಲ್ಲಿ ಕಾಮನ್ ಮಾರ್ಮನ್. ತೊಗರಿ ಹೂವಿನ ಸುತ್ತ ಬಾಲದಂಥ ಎಳೆಯಿರುವ ನೀಲಿ ಪೀ ಬ್ಲೂ. ಕಾಲುವೆ ದಂಡೆಯ ಹಸಿ ಮಣ್ಣಿನ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿದ್ದರೆ ಅವು ನೀರಿಗಷ್ಟೇ ಬಂದಿಲ್ಲ, ಮಣ್ಣಿನ ಉಪ್ಪಿಗೆ ಬಂದಿವೆ. ಹೆಚ್ಚಾಗಿ ಗಂಡುಗಳೇ ಇರುತ್ತವೆ.

ಆಗಸ್ಟ್‌ನಿಂದ ನವೆಂಬರ್‌ವರೆಗೆ ಒಳ್ಳೆಯ ಕಾಲ. ಮಳೆಗೆ ಚಿಗುರಿದ ಎಲೆ, ಕಳೆ, ಬದುವಿನ ಹೂ ಎಲ್ಲವೂ ಆಗ ಇರುತ್ತವೆ. ಬೇಸಿಗೆಯಲ್ಲಿ ಕಡಿಮೆ. ಬೇಸಿಗೆಯಲ್ಲಿ ಹೋಗಲೇಬೇಕೆಂದರೆ ನೀರಿರುವ ಕಡೆ ಹೋಗಿ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿಗೆ ಸೇರಿರುವ ಆಲಮಟ್ಟಿಯ ಉದ್ಯಾನಗಳು, ಮುದ್ದೇಬಿಹಾಳ ಕಡೆಯ ಕೃಷ್ಣೆಯ ದಂಡೆ, ಇಂಡಿಯ ಭೀಮಾ ತೀರ.

ಇಂಡಿಯ ಲಿಂಬೆ ಮತ್ತು ಅದರ ಚಿಟ್ಟೆ

ಈ ಹವ್ಯಾಸವನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನಾವು ಇಂಡಿಯ ಲಿಂಬೆ ತೋಟ ಎನ್ನುತ್ತೇವೆ. ಇಂಡಿ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಿದ್ದು ನಿಮಗೆ ಗೊತ್ತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಲಿಂಬೆ ಇದ್ದಲ್ಲಿ ಲಿಂಬೆ ಚಿಟ್ಟೆ ಇದ್ದೇ ಇರುತ್ತದೆ. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಮಚ್ಚೆಗಳು, ಹಿಂದಿನ ರೆಕ್ಕೆಯ ಒಳತುದಿಗೆ ಒಂದು ಕೆಂಪು ಗುರುತು. ಹೂವಿನ ಮೇಲೆ ಕೂತಾಗಲೂ ರೆಕ್ಕೆ ಅಲುಗಿಸುತ್ತಲೇ ಇರುತ್ತದೆ, ಹಾಗಾಗಿ ಮೊದಲ ಹತ್ತು ಫೋಟೊ ಮಸುಕಾಗುವುದು ಖಂಡಿತ.

ಚಿಟ್ಟೆ ಹಾರಿಹೋಗುತ್ತದೆ, ಹುಳು ಎಲ್ಲಿಗೂ ಹೋಗುವುದಿಲ್ಲ. ಅದಕ್ಕೇ ಹುಳುವಿನಿಂದ ಶುರು ಮಾಡಿ. ಎಳೆ ಚಿಗುರಿನ ಮೇಲೆ ಸಾಸಿವೆಗಿಂತ ಸಣ್ಣ, ತಿಳಿಹಳದಿ ಮೊಟ್ಟೆ ಒಂದೊಂದೇ ಇರುತ್ತದೆ. ಮೂರ್ನಾಲ್ಕು ದಿನದಲ್ಲಿ ಹುಳು ಹೊರಬರುತ್ತದೆ. ಮೊದಮೊದಲು ಅದು ಥೇಟ್ ಹಕ್ಕಿಯ ಹಿಕ್ಕೆಯಂತೆ, ಕಂದು-ಕಪ್ಪು ಮೈ, ನಡುವೆ ಬಿಳಿ ಪಟ್ಟೆ. ಹಿಕ್ಕೆಯನ್ನು ಯಾವ ಹಕ್ಕಿ ತಿನ್ನುತ್ತದೆ? ಬೆಳೆದು ದೊಡ್ಡದಾದಾಗ ಈ ವೇಷ ಸಾಲುವುದಿಲ್ಲ. ಆಗ ಪೊರೆ ಕಳಚಿ ಎಲೆಯ ಹಸಿರಾಗುತ್ತದೆ. ಅದನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೆಂಪನೆಯ ಕೊಂಬು ಹೊರಬಂದು ಘಾಟು ವಾಸನೆ ಹೊಡೆಯುತ್ತದೆ. ಇದನ್ನು ವಿಡಿಯೊ ಮಾಡಿ 'ಹಾವಿನ ನಾಲಿಗೆಯ ಹುಳು' ಎಂದು ಹಂಚುವವರಿದ್ದಾರೆ. ಅದು ನಾಲಿಗೆಯಲ್ಲ, ಕೊಂಡಿಯೂ ಅಲ್ಲ. ಇರುವೆ, ಜೇಡಗಳನ್ನು ಓಡಿಸುವ ವಾಸನೆಯ ಚೀಲ. ಮನುಷ್ಯರಿಗೆ ಏನೂ ಆಗುವುದಿಲ್ಲ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು. ದಿನಕ್ಕೊಂದು ಫೋಟೊ ತೆಗೆದರೆ ಮನೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಇಲ್ಲಿ ರೈತರ ಪ್ರಶ್ನೆ ನ್ಯಾಯವಾದದ್ದು. ಲಿಂಬೆ ಎಲೆ ತಿನ್ನುವ ಹುಳುವಿನ ಫೋಟೊ ತೆಗೆಯುತ್ತಾ ಕೂರಬೇಕೇ? ಇದು ಕೀಟವೇ ಹೌದು, ಅದನ್ನು ಮುಚ್ಚಿಡುವುದಿಲ್ಲ. ನರ್ಸರಿಯ ಸಸಿಗಳನ್ನೂ ಹೊಸದಾಗಿ ನೆಟ್ಟ ಗಿಡಗಳನ್ನೂ ಕೆಲವೇ ಹುಳುಗಳು ಬೋಳು ಮಾಡಬಲ್ಲವು. ಅಲ್ಲಿ ಕೈಯಿಂದ ಆರಿಸಿ ತೆಗೆಯುವುದೇ ಸರಿ, ಅವಕ್ಕೆ ವಿಷವಿಲ್ಲ. ಆದರೆ ಬೆಳೆದು ನಿಂತ ಮರಕ್ಕೆ ನಾಲ್ಕು ಹುಳು ತಿಂದರೆ ಲೆಕ್ಕಕ್ಕಿಲ್ಲ. ಒಂದು ಹುಳು ಕಂಡ ಕೂಡಲೇ ತೋಟಕ್ಕೆಲ್ಲ ಔಷಧ ಹೊಡೆದರೆ ಅದರ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ಅದನ್ನು ಮುಗಿಸುವ ಸಣ್ಣ ಕಣಜಗಳೂ, ಹೂವಿಗೆ ಬರುವ ಜೇನೂ ಸಾಯುತ್ತವೆ. ಅಂದಹಾಗೆ, ಈ ಲಿಂಬೆ ಚಿಟ್ಟೆ ಜಗತ್ತು ಸುತ್ತಿದೆ. 2004ರಲ್ಲಿ ಕೆರಿಬಿಯನ್‌ನ ಡೊಮಿನಿಕನ್ ಗಣರಾಜ್ಯದಲ್ಲಿ ಕಾಣಿಸಿಕೊಂಡು, ಅಲ್ಲಿಂದ ಸುತ್ತಲಿನ ದ್ವೀಪಗಳಿಗೂ ಹರಡಿ, ಅಲ್ಲಿನ ಕಿತ್ತಳೆ-ಲಿಂಬೆ ಬೆಳೆಗಾರರ ನಿದ್ದೆ ಕೆಡಿಸಿದೆ.

ಜಿಲ್ಲೆಯ ಇನ್ನೊಂದು ಬೆಳೆ ದಾಳಿಂಬೆಯ ವಿಷಯವೂ ಕುತೂಹಲದ್ದು. ಕಾಯಿ ಕೊರೆಯುವ ಹುಳು ಎಂದರೆ ಎಲ್ಲರೂ ಪತಂಗ ಎಂದುಕೊಳ್ಳುತ್ತಾರೆ. ದಾಳಿಂಬೆ ಕೊರೆಯುವುದು ಪತಂಗದ ಮರಿಯಲ್ಲ, ಚಂದದೊಂದು ಚಿಟ್ಟೆಯ ಮರಿ. ಅನಾರ್ ಬಟರ್‌ಫ್ಲೈ ಎಂದೇ ಅದರ ಹೆಸರು. ತೊಗರಿಯ ಕಾಯಿಕೊರಕ ಮಾತ್ರ ಪತಂಗದ್ದೇ. ಹೊಲದಲ್ಲಿ ಕಟ್ಟುವ ಮೋಹಕ ಬಲೆಗೆ ಬೀಳುವ ಕಂದು ಪತಂಗ ಅದೇ, ಹೆಣ್ಣಿನ ವಾಸನೆಗೆ ಮೋಸ ಹೋಗಿ ಬಂದ ಗಂಡುಗಳು. ಮೆಕ್ಕೆಜೋಳದ ಹೊಸ ಸೈನಿಕ ಹುಳುವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಯಾರೋ ಗಮನಿಸಿ ನೋಡಿದ್ದರಿಂದ ಅದು ಗೊತ್ತಾಯಿತು.

ಯಾವುದನ್ನು ಮುಟ್ಟಬಾರದು?

ಹುಳು ಕೊಲ್ಲುವುದಿಲ್ಲ ಎಂದ ಮಾತ್ರಕ್ಕೆ ಎಲ್ಲವನ್ನೂ ಅಂಗೈಮೇಲೆ ಇಟ್ಟುಕೊಳ್ಳಬೇಡಿ. ನಮ್ಮ ನಿಯಮ ಸರಳ: ಕೂದಲು ಅಥವಾ ಮುಳ್ಳು ಇದ್ದರೆ ಕೈ ದೂರ, ಕ್ಯಾಮೆರಾ ಹತ್ತಿರ. ಮುಳ್ಳಿನಂತೆ ಕಂಡರೂ ನಿರುಪದ್ರವಿಯಾದ ಹುಳುಗಳಿವೆ, ಆದರೆ ಹೊಸಬರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮನೆಯ ಅಂಗಳದ ನುಗ್ಗೆ ಮರದ ಕಾಂಡಕ್ಕೆ ಗುಂಪಾಗಿ ಅಂಟಿಕೊಳ್ಳುವ ಕಂಬಳಿಹುಳು ನೀವೆಲ್ಲ ಕಂಡದ್ದೇ. ಅದರ ಕೂದಲು ತಾಗಿದರೆ ಮೈ ದದ್ದೇಳುತ್ತದೆ.

ತಾಗಿದರೆ ಏನು ಮಾಡಬೇಕು? ಉಜ್ಜಬೇಡಿ, ಉಜ್ಜಿದರೆ ಕೂದಲು ಇನ್ನೂ ಒಳಗೆ ಹೋಗುತ್ತದೆ. ಸೆಲ್ಲೋ ಟೇಪನ್ನು ಆ ಜಾಗಕ್ಕೆ ಅಂಟಿಸಿ ಕಿತ್ತರೆ ಕೂದಲು ಟೇಪಿಗೆ ಬರುತ್ತವೆ. ಎರಡು-ಮೂರು ಸಲ ಹೊಸ ಟೇಪು ಹಾಕಿ. ಆಮೇಲೆ ಸೋಪು-ನೀರಲ್ಲಿ ತೊಳೆದು ತಣ್ಣನೆ ಬಟ್ಟೆ ಇಡಿ. ಮುಖ-ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ, ತಲೆ ಸುತ್ತಿದರೆ ಅದು ಅಲರ್ಜಿ. ತಡಮಾಡದೆ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಕೂದಲು ಬಿದ್ದರೆ ಕಣ್ಣು ತಿಕ್ಕದೆ, ನೀರು ಹಾಕಿ, ಕಣ್ಣಿನ ಡಾಕ್ಟರ ಬಳಿಗೇ ಹೋಗಬೇಕು. ಕಂಬಳಿಹುಳುವಿನ ಕೂದಲು ಕಣ್ಣಿನೊಳಗೆ ಸರಿಯುತ್ತಾ ಹೋಗಬಲ್ಲದು.

ಇಲ್ಲಿ ಒಂದು ಹಳೆಯ ನಂಬಿಕೆಯೂ ನೆನಪಾಗುತ್ತದೆ. ಪಾತರಗಿತ್ತಿ ಹಿಡಿದ ಕೈಯಲ್ಲಿ ಕಣ್ಣು ಮುಟ್ಟಿದರೆ ಕುರುಡಾಗುತ್ತಾರೆ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಿದ್ದರು. ಕೈಗೆ ಅಂಟುವ ಪುಡಿ ರೆಕ್ಕೆಯ ಬಣ್ಣದ ಚಿಪ್ಪುಗಳು, ಮನೆಯ ಹೆಂಚಿನಂತೆ ಒಂದರ ಮೇಲೊಂದು ಜೋಡಿಸಿದ ಸಣ್ಣ ಸಣ್ಣ ಚಿಪ್ಪು. ಅದರಿಂದ ಕುರುಡಾಗುವುದಿಲ್ಲ. ಕಣ್ಣಿಗೆ ಬಿದ್ದರೆ ಧೂಳು ಬಿದ್ದಷ್ಟು ಕಿರಿಕಿರಿ, ತೊಳೆದರೆ ಹೋಗುತ್ತದೆ. ಆದರೂ ಆ ನಂಬಿಕೆಯಿಂದ ಎಷ್ಟೋ ಪಾತರಗಿತ್ತಿಗಳು ಬದುಕಿಕೊಂಡಿವೆ ಎನ್ನಿ. ಉದುರಿದ ಚಿಪ್ಪು ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ರೆಕ್ಕೆ ಹಿಡಿಯದಿರುವುದೇ ಒಳ್ಳೆಯದು.

ಜಗತ್ತಿನಲ್ಲಿ ಮನುಷ್ಯರನ್ನು ಕೊಂದ ಮರಿಹುಳು ಇಲ್ಲವೇ ಇಲ್ಲವೇ? ಇದೆ. ದಕ್ಷಿಣ ಅಮೆರಿಕದ ಲೊನೋಮಿಯಾ ಎಂಬ ಪತಂಗದ ಹುಳು. ಅದರ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸಿ ಒಳಗೆ ರಕ್ತಸ್ರಾವ ಮಾಡುತ್ತದೆ. ಬ್ರೆಜಿಲ್‌ನ ಬುಟಾಂಟಾನ್ ಸಂಸ್ಥೆ ಅದಕ್ಕೆ ಪ್ರತಿವಿಷವನ್ನೂ ತಯಾರಿಸುತ್ತದೆ. ಅದು ಕೂಡ ಐದು ನಿಮಿಷದಲ್ಲಿ ಕೊಲ್ಲುವುದಿಲ್ಲ, ಮತ್ತು ಅದು ಭಾರತದಲ್ಲಿಲ್ಲ.

ಭಯ ಹುಟ್ಟಿಸುವ ಇನ್ನಿಬ್ಬರನ್ನು ಪರಿಚಯಿಸಿಬಿಡುತ್ತೇವೆ. ಕಣಗಿಲೆ, ನಂದಿಬಟ್ಟಲು ಗಿಡದಲ್ಲಿ ಬೆರಳಿನಷ್ಟು ದಪ್ಪದ ಹಸಿರು ಹುಳು, ಎದೆಯ ಮೇಲೆ ಎರಡು ನೀಲಿ ಕಣ್ಣು. ಅದು ಓಲಿಯಾಂಡರ್ ಹಾಕ್‌ಮಾತ್‌ನ ಮರಿ. ಕಣ್ಣಿನಂತಿರುವುದು ಬರೀ ಚುಕ್ಕೆ. ಎಳ್ಳಿನ ಹೊಲದಲ್ಲಿ ಬಾಲಕ್ಕೆ ಕೊಂಬಿರುವ ದೊಡ್ಡ ಹುಳು ಸಿಕ್ಕರೆ ಅದು ಡೆತ್ಸ್-ಹೆಡ್ ಹಾಕ್‌ಮಾತ್‌ನ ಮರಿ. ಬೆನ್ನ ಮೇಲೆ ತಲೆಬುರುಡೆಯ ಚಿತ್ರವಿರುವ ಈ ಪತಂಗ ಜೇನುಗೂಡಿಗೆ ನುಗ್ಗಿ ಜೇನು ಕುಡಿಯುತ್ತದೆ, ಹಿಡಿದರೆ ಇಲಿಯಂತೆ ಕೀಚ್ ಎನ್ನುತ್ತದೆ. ಇಷ್ಟೆಲ್ಲ ಇದ್ದರೂ ಎರಡಕ್ಕೂ ವಿಷವಿಲ್ಲ, ಬಾಲದ ಕೊಂಬು ಕುಟುಕುವುದಿಲ್ಲ.

ಫೋನಿನಲ್ಲಿ ಫೋಟೊ ತೆಗೆಯುವುದು

ಬೆಳಿಗ್ಗೆ 8ರಿಂದ 10ರ ನಡುವೆ ಹೋಗಿ. ಚಿಟ್ಟೆಯ ರಕ್ತ ತಣ್ಣಗಿನದು, ಹಾರುವ ಮೊದಲು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಬೇಕು. ಆಗ ಅದು ನಿಮಗಾಗಿಯೇ ಕೂತಂತಿರುತ್ತದೆ. ನಿಮ್ಮ ನೆರಳು ಅದರ ಮೇಲೆ ಬೀಳದಂತೆ ಬನ್ನಿ. ನಿಂತು ಬಗ್ಗುವುದಕ್ಕಿಂತ ಮೊದಲೇ ಕೂತು ಮೆಲ್ಲಗೆ ಸರಿಯಿರಿ. ಮೊದಲ ಫೋಟೊ ದೂರದಿಂದಲೇ ತೆಗೆದುಬಿಡಿ. ಕೆಟ್ಟ ಫೋಟೊ ಕೂಡ ಗುರುತಿಗೆ ಸಾಕಾಗುತ್ತದೆ, ಹಾರಿಹೋದ ಚಿಟ್ಟೆ ಸಾಕಾಗುವುದಿಲ್ಲ. ಬೆರಳಿನಿಂದ ಎಳೆದು ಜೂಮ್ ಮಾಡಿದರೆ ಚಿತ್ರ ಒಡೆಯುತ್ತದೆ. ಒಂದೊಂದು ಹೆಜ್ಜೆ ಹತ್ತಿರ ಹೋಗುವುದೇ ವಾಸಿ. ಬಿಳಿ-ಹಳದಿ ಚಿಟ್ಟೆಗಳು ಬಿಸಿಲಿನಲ್ಲಿ ಬರೀ ಬೆಳ್ಳಗಾಗಿ ಬರುತ್ತವೆ. ಪರದೆಯ ಮೇಲೆ ಚಿಟ್ಟೆಯನ್ನು ಒತ್ತಿ, ಬೆಳಕಿನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ.

ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ ಬೇಕು. ಯಾವ ಗಿಡದ ಮೇಲಿತ್ತೋ ಆ ಗಿಡದ ಫೋಟೊ ಕೂಡ ಬೇಕು. ಇದು ಏಕೆ ಎಂದು ನಾವು ಸೋತು ಕಲಿತೆವು. ಸಿಂದಗಿ ಕಡೆ ಒಂದು ಬದುವಿನಲ್ಲಿ ತೆಗೆದ ಕಿತ್ತಳೆ ಬಣ್ಣದ ಚಿಟ್ಟೆಯನ್ನು ನಾವು ಪ್ಲೇನ್ ಟೈಗರ್ ಎಂದು ಹೆಸರು ಹಾಕಿ ಎಲ್ಲರಿಗೂ ಕಳಿಸಿದ್ದೆವು. ತಿಳಿದವರೊಬ್ಬರು ಹಿಂದಿನ ರೆಕ್ಕೆ ನೋಡಿ ಎಂದರು. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರು-ನಾಲ್ಕು ಕಪ್ಪು ಚುಕ್ಕೆ ಇರುತ್ತವೆ, ಕಪ್ಪು ಎದೆಯ ಮೇಲೆ ಬಿಳಿ ಚುಕ್ಕೆ ಇರುತ್ತವೆ. ನಮ್ಮ ಫೋಟೊದಲ್ಲಿ ಇವು ಇರಲಿಲ್ಲ. ಅದು ಡನಾಯ್ಡ್ ಎಗ್‌ಫ್ಲೈ ಎಂಬ ಬೇರೆಯೇ ಚಿಟ್ಟೆಯ ಹೆಣ್ಣು. ಪ್ಲೇನ್ ಟೈಗರ್ ಎಕ್ಕೆಯ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಒಮ್ಮೆ ತಿಂದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಎಗ್‌ಫ್ಲೈ ಹೆಣ್ಣಿಗೆ ವಿಷವಿಲ್ಲ, ಬಣ್ಣ ಮಾತ್ರ ಕದ್ದುಕೊಂಡಿದೆ. ಅದರ ಗಂಡನ್ನು ನೋಡಿದರೆ ನಂಬುವುದಿಲ್ಲ. ಕಪ್ಪು ರೆಕ್ಕೆ, ನೇರಳೆ ಅಂಚಿನ ದೊಡ್ಡ ಬಿಳಿ ಮಚ್ಚೆಗಳು. ಹಕ್ಕಿಗೆ ಆಗುವ ಮೋಸವೇ ನಮಗೂ ಆಗಿತ್ತು. ಸುಳ್ಳು ಫಾರ್ವರ್ಡ್‌ಗಳ ಬಗ್ಗೆ ಬರೆಯುವ ನಾವೇ ಸುಳ್ಳು ಫಾರ್ವರ್ಡ್ ಮಾಡಿದ್ದೆವು. ತಿದ್ದಿ ಮತ್ತೆ ಕಳಿಸಿದೆವು, ಮೊದಲನೆಯದನ್ನು ನೋಡಿದಷ್ಟು ಜನ ಎರಡನೆಯದನ್ನು ನೋಡಲಿಲ್ಲ.

ರಾತ್ರಿಯ ಅತಿಥಿಗಳು

ಪತಂಗ ನೋಡಲು ಹೊಲಕ್ಕೂ ಹೋಗಬೇಕಿಲ್ಲ. ಹಿತ್ತಲ ಗೋಡೆಗೆ ಹಳೆಯ ಬಿಳಿ ಧೋತರ ಕಟ್ಟಿ, ಮುಂದೆ ಒಂದು ಬಲ್ಬು ತೂಗುಹಾಕಿ. ಅಮಾವಾಸ್ಯೆಯ ಆಸುಪಾಸು, ಮಳೆ ನಿಂತ ಸೆಕೆಯ ರಾತ್ರಿ ಸಿಕ್ಕರೆ ಒಂದು ತಾಸಿನಲ್ಲಿ ಧೋತರದ ಮೇಲೆ ಜಾತ್ರೆ. ಎಲ್ಲ ಪತಂಗಗಳೂ ಬೂದು ಬಣ್ಣದವಲ್ಲ ಎಂಬುದು ಆಗ ಗೊತ್ತಾಗುತ್ತದೆ. ಎರಡು ತಾಸಿನೊಳಗೆ ದೀಪ ಆರಿಸಿಬಿಡಿ. ಇಲ್ಲದಿದ್ದರೆ ಅವು ಅಲ್ಲೇ ಕೂತು ಬೆಳಿಗ್ಗೆ ಹಕ್ಕಿಗಳ ಪಾಲಾಗುತ್ತವೆ. ಹಲ್ಲಿಗಳಂತೂ ರಾತ್ರಿಯೇ ಶುರು ಮಾಡಿರುತ್ತವೆ.

ಚಿಟ್ಟೆಯೋ ಪತಂಗವೋ ಎಂಬ ಅನುಮಾನ ಬಂದರೆ ಮೀಸೆ ನೋಡಿ. ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ದಪ್ಪ. ಪತಂಗದ್ದು ದಾರದಂತೆ ಅಥವಾ ಗರಿಯಂತೆ. ಅಪವಾದಗಳಿವೆ, ಆದರೆ ನಮ್ಮ ಹಿತ್ತಲಿಗೆ ಇಷ್ಟು ಸಾಕು. ಪತಂಗ ಬಟ್ಟೆ ತಿನ್ನುತ್ತದೆ ಎಂಬ ದೂರಿಗೆ ಉತ್ತರ: ಕೆಲವೇ ಜಾತಿಗಳ ಮರಿಹುಳುಗಳು ಉಣ್ಣೆ-ರೇಷ್ಮೆ ತಿನ್ನುತ್ತವೆ, ಹಾರುವ ಪತಂಗ ತಿನ್ನುವುದಿಲ್ಲ. ಜೋಳದ ಚೀಲದಿಂದ ಹಾರುವ ಸಣ್ಣ ಕಂದು ಪತಂಗ ಬೇರೆ, ಅದರ ಮರಿ ಕಾಳಿನೊಳಗೇ ಇತ್ತು.

ದೀಪಕ್ಕೆ ಪತಂಗ ಏಕೆ ಬೀಳುತ್ತದೆ? ಪ್ರೇಮದಿಂದ ಎಂದು ಕವಿಗಳು, ಚಂದ್ರನೆಂದು ತಿಳಿದು ಎಂದು ಶಾಲೆಯಲ್ಲಿ. 2024ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೊಂದು ಕಾರಣ ಕೊಟ್ಟಿತು. ವೇಗದ ಕ್ಯಾಮೆರಾಗಳಲ್ಲಿ ಸೆರೆಹಿಡಿದಾಗ, ಕೀಟಗಳು ದೀಪದ ಕಡೆ ಮುಖ ಮಾಡಿ ಹಾರುತ್ತಿರಲಿಲ್ಲ, ದೀಪಕ್ಕೆ ಬೆನ್ನು ತಿರುಗಿಸುತ್ತಿದ್ದವು. ರಾತ್ರಿ ಬೆಳಕಿರುವ ಕಡೆ ಆಕಾಶ, ಅಂದರೆ ಮೇಲೆ, ಎಂಬ ಲೆಕ್ಕ ಅವುಗಳದ್ದು. ಬೆನ್ನನ್ನು ಬೆಳಕಿಗೆ ಇಟ್ಟು ಹಾರಿದರೆ ನೆಟ್ಟಗಿದ್ದೇವೆ ಎಂದರ್ಥ. ನಮ್ಮ ಬಲ್ಬು ಪಕ್ಕದಲ್ಲಿ ಆಕಾಶ ಹುಟ್ಟಿಸಿಬಿಡುತ್ತದೆ, ಪಾಪ ಅದು ವಾಲುತ್ತಾ ಸುತ್ತುತ್ತಲೇ ಇರುತ್ತದೆ.

ತೆಗೆದ ಫೋಟೊ ಎಲ್ಲಿಗೆ?

ಹೆಸರು ತಿಳಿಯಲು ಐನ್ಯಾಚುರಲಿಸ್ಟ್ ಆ್ಯಪ್ ಉಚಿತ. ಫೋಟೊ ಹಾಕಿದರೆ ಅದೊಂದು ಊಹೆ ಹೇಳುತ್ತದೆ. ಅದನ್ನೇ ಅಂತಿಮ ಎಂದುಕೊಳ್ಳಬೇಡಿ, ತಿಳಿದವರು ಬಂದು ಒಪ್ಪುವವರೆಗೆ ಕಾಯಿರಿ. ಮನೆಯ ಅಂಗಳದ ಫೋಟೊ ಆದರೆ ಸ್ಥಳವನ್ನು ಮಸುಕಾಗಿಸುವ ಆಯ್ಕೆ ಅಲ್ಲಿದೆ, ಬಳಸಿ. ಬೆಂಗಳೂರಿನ ಎನ್‌ಸಿಬಿಎಸ್‌ನ ವಿಜ್ಞಾನಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ಕಟ್ಟಿರುವ ಬಟರ್‌ಫ್ಲೈಸ್ ಆಫ್ ಇಂಡಿಯಾ, ಮಾತ್ಸ್ ಆಫ್ ಇಂಡಿಯಾ ಜಾಲತಾಣಗಳಲ್ಲಿ ಒಂದೊಂದು ಜಾತಿಗೂ ಪರಿಶೀಲಿಸಿದ ಚಿತ್ರಗಳಿವೆ. ಹೋಲಿಸಿ ನೋಡಲು ಅವು ಒಳ್ಳೆಯ ಜಾಗ. ಪ್ರತಿ ಸೆಪ್ಟೆಂಬರ್‌ನಲ್ಲಿ ಬಿಗ್ ಬಟರ್‌ಫ್ಲೈ ಮಂತ್ ಎಂಬ ದೇಶವ್ಯಾಪಿ ಎಣಿಕೆ 2020ರಿಂದ ನಡೆಯುತ್ತಿದೆ. ಜುಲೈ ಕೊನೆಯ ವಾರ ಪತಂಗಗಳ ವಾರ. ಇವುಗಳಲ್ಲಿ ಘಟ್ಟದ ಕಡೆಯ ಫೋಟೊ ತಾವಾಗಿಯೇ ಬರುತ್ತವೆ. ಮುದ್ದೇಬಿಹಾಳದ ತೊಗರಿ ಹೊಲದ ಫೋಟೊ ನೀವು ಹಾಕಿದರೆ ಮಾತ್ರ ಬರುತ್ತದೆ.

ಹಿಡಿದು ಪಿನ್ನು ಚುಚ್ಚಿ ಪೆಟ್ಟಿಗೆಯಲ್ಲಿ ಇಡುವ ಹಳೆಯ ಹವ್ಯಾಸ ಈಗ ಬೇಡ. ಹಲವು ಚಿಟ್ಟೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ, ಅವನ್ನು ಹಿಡಿಯುವುದು ಅಪರಾಧ. ಬೇರೆಯವರ ಹೊಲಕ್ಕೆ ಹೋಗುವ ಮೊದಲು ಕೇಳಿ. ಔಷಧ ಹೊಡೆದ ದಿನ ಹೋಗಬೇಡಿ. ಹುಲ್ಲಿನಲ್ಲಿ ಮಂಡಿಯೂರುವ ಮೊದಲು ಹಾವಿದೆಯೇ ನೋಡಿ, ಕಾಲಿಗೆ ಬೂಟು ಇರಲಿ.

ಫೋಟೊ ಕಳಿಸುವ ಬಗ್ಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಕುಗ್ಗುತ್ತದೆ. ಯಾವ ದಿನ, ಯಾವ ಜಾಗದಲ್ಲಿ ತೆಗೆದದ್ದು ಎಂಬ ಮಾಹಿತಿ ಅದರಿಂದ ಅಳಿಸಿಹೋಗುತ್ತದೆ. ಚಾಳೀಸ್‌ಗಾಂವ್‌ನ ಸಿಡಿಲು ನಮ್ಮೂರ ಹತ್ತಿ ಹುಳುವಾಗಲು ಸಾಧ್ಯವಾದದ್ದು ಹೀಗೂ ಹೌದು. ತಿಳಿದವರಿಗೆ ಕೇಳಲು ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಜೊತೆಗೆ ಊರು, ದಿನಾಂಕ, ಗಿಡದ ಹೆಸರು ಬರೆಯಿರಿ. ನಿಮಗೆ ಯಾರಾದರೂ ಭಯಂಕರ ಹುಳುವಿನ ಫೋಟೊ ಕಳಿಸಿದರೆ ಇದೇ ಮೂರನ್ನು ವಾಪಸ್ ಕೇಳಿ: ಯಾವ ಊರು, ಯಾವ ದಿನ, ಯಾವ ಗಿಡ. ಉತ್ತರ ಬಂದರೆ ಆ ಫೋಟೊವನ್ನು ಐನ್ಯಾಚುರಲಿಸ್ಟ್‌ಗೆ ಹಾಕಲು ಹೇಳಿ. ಬರದಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಹಳೆಯ ಫೋಟೊ ಆಗಿದ್ದರೆ ಹೆಚ್ಚಾಗಿ ಅಲ್ಲೇ ಸಿಕ್ಕಿಬೀಳುತ್ತದೆ.